ಹತ್ತು ಮನೆಯ ಹೆಪ್ಪು

ಗುರುಪುರದ ಕುಳ್ಳಯ್ಯನ ಫಜೀತಿ ಶುರುವಾದದ್ದು ಒಂದು ಚಮಚ ಹೆಪ್ಪಿನಿಂದ.

"ನಾಳೆ ನಮ್ಮಣ್ಣ ಬತ್ತಾವ್ನೆ. ಓದ್ಸಲ ಕಡ ತಂದ ಮೊಸರು ಬಡಿಸಿದ್ದಕ್ಕೆ, ಎಮ್ಮೆ ಇರೋ ಮನೇಲಿ ಮೊಸರಿಲ್ಲ ಅಂತ ಊರೆಲ್ಲ ಆಡ್ಕೊಂಡ. ಹಾಲು ಕಾಯ್ಸಿಟ್ಟಿವ್ನಿ, ದೀಪ ಅಚ್ಚೋದ್ರೊಳಗೆ ಹೆಪ್ಪು ತನ್ನಿ," ಎಂದಳು ಹೆಂಡತಿ ಭದ್ರಮ್ಮ. ದೀಪ ಹಚ್ಚಿದ ಮೇಲೆ ಹೆಪ್ಪು ಹೊಸಿಲು ದಾಟಿದರೆ ಲಕ್ಷ್ಮಿಯೂ ಹಿಂದೆಯೇ ಹೊರಡುತ್ತಾಳೆಂದು ಆ ಬೀದಿಯ ನಂಬಿಕೆ.

"ಅತ್ತು ಮನೆ ಬೀದಿ, ಹೆಪ್ಪಿಗೆ ಬರವೇ?" ಎಂದು ಕುಳ್ಳಯ್ಯ ಲೋಟ ಹಿಡಿದು ಹೊರಟ.

ಪಕ್ಕದ ಮನೆಯ ಸುಧಾ, "ನಾವೇ ಆಚೆ ಮನೇಲಿ ಇಸ್ಕೊಳನಾ ಅಂತಿದ್ದೋ ಕಣಣ್ಣ," ಎಂದಳು. ಆಚೆ ಮನೆಯವರು ಅದರಾಚೆ ಮನೆ ತೋರಿಸಿದರು. ಗಾಣದೆತ್ತಿನಂತೆ ಬೀದಿ ಸುತ್ತಿ ಕೊನೆಯ ಮನೆಗೆ ಬಂದರೆ ಶಿವಣ್ಣ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ.

"ನೆನ್ನೆ ಗುಡೀಲಿ ಕಾವ್ಯ ಓದ್ಸಿದಾಗ, ಮೊಸರನ್ನಕ್ಕೆ ಅಂತ ಎಲ್ರ ಮನೆ ಗಡಿಗೆ ಬಳ್ಕೊಂಡೋದೋನು ಯಾರ್ಲಾ? 'ಹೆಪ್ಪಿಗೇನು, ಪಕ್ಕದ್ಮನೇಲಿ ಇದ್ದೇ ಇರ್ತದೆ' ಅಂತ ಮನೆಮನೇಲೂ ಯೋಳ್ದೋನು ನೀನೇ ತಾನೆ?"

ಕುಳ್ಳಯ್ಯನಿಗೆ ಬೆರಗಾಯಿತು. ಒಂದೊಂದು ಮನೆಗೂ ನಿಜವಾಗಿದ್ದ ಮಾತು ಹತ್ತೂ ಮನೆಗೆ ಸೇರಿಸಿದರೆ ಹೆಂಗೆ ಸುಳ್ಳಾಯಿತು? ಅದನ್ನೇ ಧ್ಯಾನಿಸುತ್ತ ಎರಡು ಮೈಲಿ ನಡೆದು ಟಿಬೆಟ್ ನಿರಾಶ್ರಿತರ ಕ್ಯಾಂಪು ಸೇರಿದ. ಅಲ್ಲಿಯ ಅಜ್ಜಿಯೊಬ್ಬಳು ನಕ್ಕು ಅರ್ಧ ಲೋಟ ಮೊಸರು ಕೊಟ್ಟಳು.

ಬೀದಿಯ ಬಾಯಿಗೆ ಬರುವಷ್ಟರಲ್ಲಿ ಸುದ್ದಿ ಮುಂದಾಗಿ ಬಂದಿತ್ತು. ಬಾಗಿಲಿಗೊಂದು ಬಟ್ಟಲು ಕಾದಿತ್ತು.

"ಒಂದೇ ಚಮಚ ಕಣ್ಲಾ, ನಿನ್ ಲೋಟ ಬರಿದಾಯ್ತದಾ?" ಎಂದ ಶಿವಣ್ಣ.

ಬರಿದಾಗಲಿಲ್ಲ. ಎರಡನೆಯ ಮನೆಯಲ್ಲೂ ಆಗಲಿಲ್ಲ. ಒಂದು ಚಮಚಕ್ಕೆ ಲೋಟ ಬರಿದಾಗದೆಂಬುದು ಪ್ರತಿ ಬಾಗಿಲಲ್ಲೂ ನಿಜವಾಗುತ್ತ ಬಂತು. ಒಂಬತ್ತನೆಯದು ಸುಧಾಳ ಮನೆ. ಅಲ್ಲಿ ಲೋಟದ ತಳ ಕನ್ನಡಿಯಂತೆ ಹೊಳೆಯಿತು.

"ಎಲ್ರೀ ಹೆಪ್ಪು?" ಎಂದಳು ಮನೆಯ ಹೊಸಿಲಲ್ಲೇ ಕಾದಿದ್ದ ಭದ್ರಮ್ಮ.

"ಚಿಂತೆ ಬುಡು. ಈಗ ಒಂಬತ್ತು ಮನೇಲೂ ಐತೆ, ಎಲ್ಲಾದ್ರೂ ಇಸ್ಕೊಂಡ್ರಾಯ್ತು!" ಎಂದು ಕುಳ್ಳಯ್ಯ ಗೆದ್ದವನಂತೆ ತಿರುಗಿ ಸುಧಾಳ ಬಾಗಿಲಿಗೆ ಹೋದ. ಅವಳು ಆಗಷ್ಟೇ ದೇವರ ಮುಂದೆ ಬತ್ತಿ ಹಚ್ಚಿ ಕೈಮುಗಿದಿದ್ದಳು.

"ಅಯ್ಯೋ, ದೀಪ ಅಚ್ಚಿದ್ಮೇಲೆ ಹೆಪ್ಪು ಕೊಡಕಾಯ್ತದಾ ಅಣ್ಣ?"

ಕುಳ್ಳಯ್ಯ ಬೀದಿಯುದ್ದ ನೋಡಿದ. ಒಂದಾದ ಮೇಲೊಂದು, ಒಂಬತ್ತೂ ಮನೆಯ ದೀಪ ಹತ್ತಿಕೊಂಡವು.

ಮನೆಗೆ ಬಂದು ಬರಿ ಲೋಟ ಬೋರಲು ಹಾಕಿ ಕುಳಿತ. ಒಲೆಯ ಪಕ್ಕ ಹಾಲು ಆರುತ್ತಿತ್ತು. ತಡೆಯಲಾರದೆ ಕೇಳಿಯೇಬಿಟ್ಟ:

"ಅಲ್ಲ ಕಣೆ, ಹೆಪ್ಪಿಗೆ ಎಲ್ರೂ ಪಕ್ಕದ್ಮನೆಗೇ ಓಗೋದಾದ್ರೆ, ಮೊಟ್ಟಮೊದ್ಲು ಅದು ಯಾರ ಮನೇಲಿತ್ತು?"

ಭದ್ರಮ್ಮ ಸೌಟು ಕೆಳಗಿಟ್ಟಳು.

"ನೆನ್ನೆ ನೀವು ಗುಡಿಗೆ ಒತ್ಕೊಂಡೋಗೋ ಗಂಟ, ನಮ್ಮನೇಲೇ ಇತ್ತು!"