ಸಿಕ್ಲಿಡ್ ಸಂಧಾನ

ಕಚೇರಿಯ ದೂರು ವಿಭಾಗದಲ್ಲಿ ಕೂತು, ಬುಸುಗುಟ್ಟಿಕೊಂಡು ಬಂದವರನ್ನೆಲ್ಲ ನಗಿಸಿ ಕಳಿಸುವ ನನಗೆ ಬೆರಳುದ್ದದ ಮೀನುಗಳನ್ನು ಒಟ್ಟಿಗೆ ಬಾಳಿಸುವುದು ಯಾವ ಮಹಾ! ಹಾಗೆಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡು ಹೇಳಿದೆ.

ನಮ್ಮ ಹಾಲ್‌ನ ಗಾಜಿನ ತೊಟ್ಟಿಯಲ್ಲಿ ಆಗ ಇದ್ದದ್ದು ಒಂದೇ ಮೀನು. ಸಿಕ್ಲಿಡ್ ಎಂಬ ಜಾತಿಯ ನೀಲಿ ಮೀನು. ನೋಡಲು ಚೆಂದ, ಬುದ್ಧಿ ಮಾತ್ರ ಪಾಳೆಗಾರನದು. ಎಡಮೂಲೆಯ ಪೊಟರೆಗಲ್ಲು ಅದರ ಅರಮನೆ. ಆ ಕಡೆ ಒಂದು ಬಸವನಹುಳು ಸುಳಿದರೂ ಸಹಿಸುವುದಿಲ್ಲ. ಅದಕ್ಕೇ ‘ದೊರೆ’ ಎಂದು ಕರೆಯುತ್ತಿದ್ದೆ.

“ಒಂಟಿಯಾಗಿದ್ದು ಇದಕ್ಕೆ ಕೊಬ್ಬು ಜಾಸ್ತಿಯಾಗಿದೆ. ಜೊತೆಗೆ ಇನ್ನೆರಡು ತರ್ತೀನಿ” ಎಂದೆ.

“ಮೀನಿನ ವಿಷಯ ಆಮೇಲೆ. ಭಾನುವಾರ ಅಪ್ಪ ಬರ್ತಿದ್ದಾರೆ, ಇನ್ಮೇಲೆ ನಮ್ಮ ಜೊತೇನೇ ಇರೋಕೆ. ಹೋದ ಸಲದ ಥರ ಮಾಡ್ಬೇಡಿ.”

ಹೋದ ಸಲ ನಾನೇನೂ ಮಾಡಿರಲಿಲ್ಲ! ಕಿಟಕಿ ಪಕ್ಕದ ಬೆತ್ತದ ಕುರ್ಚಿ ನನ್ನದು. ಮಾವ ಬಂದವರೇ ಅದರಲ್ಲಿ ಕೂತರು. ನಾನು ತುಟಿ ಪಿಟಕ್ಕೆನ್ನದೆ ಅವರೆದುರು ನಿಂತೇ ಪೇಪರ್ ಓದಿದೆ, ನಿಂತೇ ಕಾಫಿ ಕುಡಿದೆ. ಅಷ್ಟಕ್ಕೇ ಅವರು ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಟ್ಟರು. ಅವತ್ತು ಅಡುಗೆಮನೆಯಲ್ಲಿ ಇವಳು ಅತ್ತದ್ದನ್ನು ನಾನಿನ್ನೂ ಮರೆತಿಲ್ಲ.

ಇರಲಿ, ಮೀನಿಗೆ ಬರೋಣ. ದೊರೆಗಿಂತ ಚಿಕ್ಕ ಮೀನು ತಂದರೆ ಅದನ್ನು ದೊರೆ ಬದುಕಗೊಡುವುದಿಲ್ಲ. ದೊಡ್ಡದು ತಂದರೆ ದೊರೆಗೇ ಉಳಿಗಾಲವಿಲ್ಲ. ಅದೇ ಬಣ್ಣದ್ದಾದರೆ ದಾಯಾದಿ ಬಂದನೆಂದು ಮೈಮೇಲೆ ಬೀಳುತ್ತದೆ! ಅಳೆದು ಸುರಿದು, ದೊರೆಯಷ್ಟೇ ಉದ್ದದ ಎರಡು ಹಳದಿ ಸಿಕ್ಲಿಡ್ ಆರಿಸಿ ತಂದೆ. ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ನೀರಿಗೆ ನೀರು ಹೊಂದಿಸಿ, ಹೊಸಬರನ್ನು ಬಿಟ್ಟೆ.

ದೊರೆ ಅರಮನೆಯಿಂದ ಹೊರಬಂತು. ಅಷ್ಟೇ! ಒಂದು ಹಳದಿ ಮೀನು ಫಿಲ್ಟರಿನ ಹಿಂದೆ ಸಿಕ್ಕಿಕೊಂಡಿತು. ಇನ್ನೊಂದರ ಬಾಲ ಅರ್ಧ ಹರಿಯಿತು.

“ದೂರು ವಿಭಾಗದವ್ರೇ, ದೂರು ಬಂದಿದೆ” ಎಂದಳು ಹೆಂಡತಿ.

ನಾನು ಸೋಲೊಪ್ಪುವ ಪೈಕಿಯಲ್ಲ. ಮೀನು ಸಾಕುವವರ ವಿಡಿಯೋಗಳನ್ನೆಲ್ಲ ಅರೆದು ಕುಡಿದು, ಮಹಾ ಸೂತ್ರವೊಂದನ್ನು ಕಂಡುಹಿಡಿದೆ. ಹಳಬನ ಹೊಟ್ಟೆ ತುಂಬಿಸಿ ಹೊರಗೆ ಕಳಿಸಬೇಕು. ಅವನು ಬರುವಷ್ಟರಲ್ಲಿ ಕಲ್ಲುಗಳನ್ನೆಲ್ಲ ಸ್ಥಾನಪಲ್ಲಟ ಮಾಡಬೇಕು. ಆಮೇಲೆ ಎಲ್ಲರನ್ನೂ ಒಟ್ಟಿಗೆ ಬಿಟ್ಟು, ಸ್ವಲ್ಪ ಹೊತ್ತು ಲೈಟ್ ಆರಿಸಬೇಕು!

ದೊರೆಗೆ ಮೃಷ್ಟಾನ್ನ ಬಡಿಸಿ ಬಚ್ಚಲುಮನೆಯ ಬಕೆಟ್ಟಿಗೆ ಗಡೀಪಾರು ಮಾಡಿದೆ. ಹಳದಿಯವರು ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ನಿರಾಶ್ರಿತರು. ನಾನು ಮೊಣಕೈವರೆಗೆ ತೊಟ್ಟಿಯಲ್ಲಿ ಮುಳುಗಿದ್ದಾಗ ನೀರು ಇಳಿಸುವ ಪೈಪು ಜಾರಿ, ಹಾಲ್ ಕೆರೆಯಾಯಿತು. ಒರೆಸುವ ಬಟ್ಟೆಗೆಂದು ಓಡಿದರೆ ಬಚ್ಚಲಲ್ಲಿ ಹೆಂಡತಿ ಅದೇ ಬಕೆಟ್ಟಿನ ಮೇಲೆ ಸೋಪಿನಪುಡಿಯ ಡಬ್ಬಿ ಹಿಡಿದು ನಿಂತಿದ್ದಾಳೆ!

“ಅಯ್ಯೋ, ನಿಲ್ಲು! ದೊರೆ ಇದ್ದಾನೆ ಅದ್ರಲ್ಲಿ!”

ನನ್ನ ಕಿರುಚಾಟಕ್ಕೆ ಬೆಚ್ಚಿ ಇವಳು ಬಕೆಟ್ಟಿಗೆ ಕಾಲು ತಗುಲಿಸಿದಳು. ದೊರೆ ಚಿಮ್ಮಿ ನನ್ನ ಚಪ್ಪಲಿಯಲ್ಲಿ ಪಟ್ಟಾಭಿಷಿಕ್ತನಾದ. ಕೊನೆಗೆ ಹಿಟ್ಟು ಜರಡಿಯಲ್ಲಿ ಹಿಡಿದು ತಂದವಳು ಅವಳೇ.

ಆದರೆ ಸೂತ್ರ ಫಲಿಸಿತು! ದೊರೆ ತೊಟ್ಟಿಯನ್ನು ಸುತ್ತಿ ಸುತ್ತಿ ನೋಡಿದ. ಅರಮನೆಯೇ ಇಲ್ಲ! ಯಾವುದು ತನ್ನದೆಂದು ತಿಳಿಯದೆ ಯಾರನ್ನು ಅಟ್ಟುವುದು? ಮರುದಿನ ಮೂವರೂ ಪಕ್ಕಪಕ್ಕದಲ್ಲೇ ಊಟ ಮಾಡುತ್ತಿದ್ದರು.

ಹೆಂಡತಿ ತೊಟ್ಟಿಯ ಮುಂದೆ ಗಲ್ಲಕ್ಕೆ ಕೈಕೊಟ್ಟು ಕೂತಳು. “ಹಳಬನಿಗೆ ಬೇಜಾರಾಗಲ್ವಾ?”

“ಮೊದಮೊದಲು ತಬ್ಬಿಬ್ಬಾಗ್ತಾನೆ. ಆಮೇಲೆ ಜೊತೆ ಸಿಕ್ತಲ್ಲಾಂತ ಖುಷಿಯಾಗಿರ್ತಾನೆ.”

“ಮುಂಚೇನೇ ಹೇಳಿದ್ರೆ?”

“ಹೇಳಿದ್ರೆ ಒಪ್ತಾನೇನೇ? ಹೇಳದೇ ಮಾಡ್ಬೇಕು!” ಎಂದು ಗುರುವಿನ ಗತ್ತಿನಲ್ಲಿ ಮೀಸೆ ತಿರುವಿದೆ.

ಭಾನುವಾರ ಸಂಜೆ ಇವಳ ಪ್ರೀತಿ ಉಕ್ಕಿ ಹರಿಯಿತು. ನನಗಿಷ್ಟವಾದ ತಿಂಡಿಯನ್ನು ಬೇಡ ಬೇಡವೆಂದರೂ ತಟ್ಟೆಗೆ ಸುರಿದಳು. “ಕೂದಲು ನೋಡ್ಕೊಳ್ಳಿ, ಕರಡಿ ಥರ! ಕಟಿಂಗ್ ಮಾಡಿಸ್ಕೊಂಡು ಬನ್ನಿ” ಎಂದು ಬಾಗಿಲವರೆಗೂ ಬಂದು ಕಳಿಸಿದಳು.

ವಾಪಸ್ ಬಂದರೆ, ಇದು ನನ್ನ ಮನೆಯೇ? ಟಿವಿ ಇದ್ದಲ್ಲಿ ಪುಸ್ತಕದ ಕಪಾಟು, ಕಪಾಟಿದ್ದಲ್ಲಿ ಊಟದ ಮೇಜು. ಕಿಟಕಿ ಪಕ್ಕ ಇಬ್ಬರು ಕೂರುವ ಸೋಫಾ. ಬೆತ್ತದ ಕುರ್ಚಿಯ ಸುಳಿವಿಲ್ಲ! ಹಾಲನ್ನು ಒಂದು ಸುತ್ತು ಹಾಕಿದೆ, ಇನ್ನೊಂದು ಸುತ್ತು ಹಾಕಿದೆ. ಬಾಗಿಲ ಬಳಿ ಮಾವ ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದರು. ಆಗಷ್ಟೇ ಬಂದಿದ್ದರು.

“ಅಳಿಯಂದ್ರೇ, ನಾನೆಲ್ಲಿ ಕೂತ್ಕೊಳ್ಳಲಿ?” ಎಂದರು. ಕೇಳಲೂ ಹೆದರಿದ ದನಿ.

“ನಾನೆಲ್ಲಿ ಕೂರಬೇಕೂಂತ ನನಗೇ ಗೊತ್ತಾಗ್ತಿಲ್ಲ ಮಾವ. ಬನ್ನಿ, ಇಬ್ರೂ ಇಲ್ಲೇ ಕೂರೋಣ” ಎಂದು ಬ್ಯಾಗು ಇಸಿದುಕೊಂಡೆ. ಕೂತೆವು. ಪೇಪರಿನ ಹಾಳೆಗಳನ್ನು ಹಂಚಿಕೊಂಡೆವು. ಅವರು ಹಾಯಾಗಿ ಕಾಲು ಚಾಚಿದರು.

ಹೆಂಡತಿ ಬಂದು ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿದಳು. ಕಣ್ಣಲ್ಲಿ ನೀರಾಡಿತೋ ಏನೋ. ಆಮೇಲೆ ಟಪ್ಪೆಂದು ಕತ್ತಲಾಯಿತು.

“ಕರೆಂಟ್ ಹೋಯ್ತೇನಮ್ಮಾ?” ಎಂದರು ಮಾವ.

“ಇಲ್ಲಪ್ಪ, ನಾನೇ ಆರಿಸ್ದೆ. ಹೊಸದಾಗಿ ಒಟ್ಟಿಗೆ ಬಿಟ್ಟಾಗ ಸ್ವಲ್ಪ ಹೊತ್ತು ಹೀಗಿರ್ಬೇಕಂತೆ. ನಿಮ್ಮ ಅಳಿಯಂದ್ರೇ ಹೇಳಿಕೊಟ್ಟಿದ್ದು!”