ಪಟ್ಟಿಯಲ್ಲಿಲ್ಲದ ಪೇಟಿ

ಸೀರೆ ಅಂಗಡಿಯಲ್ಲಿ ಹೆಂಡತಿಯ ಪಕ್ಕ ಕೂತು ಆಕಳಿಸುವ ಗಂಡಸರನ್ನು ಕಂಡರೆ ನನಗೀಗ ಕನಿಕರ. ‘ಇನ್ನೊಂದು ತೆಗೀರಿ’ ಎನ್ನುವುದರಲ್ಲಿ ಎಂಥ ಸುಖವಿದೆ ಎಂದು ಆ ಪಾಪದವರಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ, ಲ್ಯಾಪ್‌ಟಾಪಿನಲ್ಲಿ ಒಂದು ಹಾಡಿಗೆ ದನಿ ಹುಡುಕಲು ಕೂರುವವರೆಗೆ.

ನನ್ನ ಹೆಂಡತಿ ಸುಧಾಳ ಅಕ್ಕ ಕಮಲಕ್ಕ ಬ್ಯಾಡಗಿಯಲ್ಲಿ ಮಹಿಳೆಯರ ಭಜನಾ ಮಂಡಳಿ ನಡೆಸುತ್ತಾರೆ. ಮಂಡಳಿಯ ಹೊಸ ಸಭಾಂಗಣದ ಉದ್ಘಾಟನೆ ಹತ್ತಿರ ಬಂದಾಗಲೇ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವರು ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡರು. “ಪೇಟಿ ಇಲ್ಲದ ಸ್ವಾಗತಗೀತೆ ಹಾಡಿದ್ರ ಶ್ರುತಿ ಎಲ್ಲೆಲ್ಲೋ ಹೋಗತೈತಿ. ಮಂದಿ ನಗತಾರ,” ಎಂದು ಕಮಲಕ್ಕ ಫೋನಿನಲ್ಲಿ ಅಳುವುದೊಂದು ಬಾಕಿ. ಹಾವೇರಿಯಲ್ಲಿ ಮಕ್ಕಳಿಗೆ ಗಣಿತ ಕಲಿಸುವ ನಾನು, “ಚಿಂತಿ ಬಿಡ್ರಿ ಅಕ್ಕಾರ, ನಾ ಅದೇನಿ,” ಎಂದುಬಿಟ್ಟೆ. ಸ್ವರಲಿಪಿ ಬರೆಯುವ ಒಂದು ಸಾಫ್ಟ್‌ವೇರನ್ನು ರಜೆಯಲ್ಲಿ ಕಲಿತಿದ್ದೆ. ಐದು ಗೆರೆಗಳ ಮೇಲೆ ಸ್ವರಗಳನ್ನು ಕೂರಿಸಿದರೆ ಕಂಪ್ಯೂಟರೇ ನುಡಿಸುತ್ತದೆ. ಯಾವ ವಾದ್ಯದ ದನಿಯಲ್ಲಿ ಎಂಬುದನ್ನು ಪಟ್ಟಿಯಿಂದ ಆರಿಸಿಕೊಂಡರಾಯಿತು.

ಪಟ್ಟಿಯಲ್ಲಿ ಹಾರ್ಮೋನಿಯಂ ಇರಲಿಲ್ಲ. ಹಾರ್ಮೋನಿಕಾ ಎಂದಿತ್ತು. ತಮ್ಮನೋ ತಂಗಿಯೋ ಇರಬೇಕೆಂದು ಒತ್ತಿದರೆ ಅದು ಮೌತ್ ಆರ್ಗನ್. ಆದರೆ ಅಷ್ಟರಲ್ಲಿ ನನಗೆ ರುಚಿ ಹತ್ತಿತ್ತು. ಸಿತಾರು, ಕೊಳಲು, ಗಂಟೆ, ಹಕ್ಕಿಯ ಚಿಲಿಪಿಲಿ, ಸಮುದ್ರದ ಅಲೆ! ಟೆಲಿಫೋನ್ ಎಂಬ ದನಿಗೆ ಸುಧಾ ಒದ್ದೆ ಕೈಯಲ್ಲಿ ಓಡಿಬಂದು ತನ್ನ ಮೊಬೈಲ್ ಹುಡುಕಿದಳು. ಹೆಲಿಕಾಪ್ಟರ್ ಒತ್ತಿದಾಗ ಪಕ್ಕದ ಮನೆಯ ಪಾಟೀಲ ಕಾಕಾ ಮಾಳಿಗೆ ಹತ್ತಿ ಆಕಾಶ ನೋಡಿ, “ಯಾವ ಮಂತ್ರಿ ಬಂದಾನೋ ಏನೋ,” ಎಂದರು. ಕೊನೆಗೆ ಮೋಡದ ಮೇಲೆ ತೇಲಿಸುವಂಥ, ಯಾವ ವಾದ್ಯದ್ದೂ ಅಲ್ಲದ ಒಂದು ಸಿಂಥಸೈಜರ್ ದನಿ ಸಿಕ್ಕಿತು. ಕಣ್ಣಲ್ಲಿ ನೀರೇ ಬಂತು. ಪೇಟಿಯನ್ನು ಮರೆತೆ.

ಉದ್ಘಾಟನೆಯ ಹಿಂದಿನ ದಿನ ಬ್ಯಾಡಗಿಯಲ್ಲಿ ತಾಲೀಮು. ಸ್ಪೀಕರಿಗೆ ಲ್ಯಾಪ್‌ಟಾಪ್ ಜೋಡಿಸಿ, ಎದೆಯುಬ್ಬಿಸಿ ನಿಂತೆ. ನಾನು ಆರಿಸಿದ್ದ ಆ ದನಿಯಲ್ಲಿ ಪ್ರತಿ ಸ್ವರವೂ ನಿಧಾನವಾಗಿ ಉಬ್ಬಿ ಬರುತ್ತಿತ್ತು. ಹೆಂಗಸರು ಅದಕ್ಕಾಗಿ ಕಾದರು. ಅದು ಬರುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು. ಅರ್ಧದಲ್ಲೇ ಹಾಡು ನಿಂತಿತು.

“ಸ್ವರ ಬರೂತನಕ ನಾವು ಬಾಯಿ ತಕ್ಕೊಂಡು ಕುಂದ್ರಬೇಕೇನ್ರಿ?” ಎಂದರು ಕಮಲಕ್ಕ. ಅವರ ಮುಖ ಸಣ್ಣದಾಗಿತ್ತು. ನನ್ನದು ಎಷ್ಟಾಗಿತ್ತೋ, ಕನ್ನಡಿ ಇರಲಿಲ್ಲ.

ಸುಧಾ ನನ್ನ ಪಕ್ಕ ಬಂದು ಕೂತಳು. “ಹೆಸರು ಓದಬ್ಯಾಡ್ರಿ. ಒಂದೊಂದು ಒತ್ತಿಕೋತ ಹೋಗ್ರಿ, ಎಲ್ಲಾರೂ ಕೇಳೋಣು.”

ಒತ್ತುತ್ತಾ ಹೋದೆ. ಹೆಂಗಸರು ಕಣ್ಣು ಮುಚ್ಚಿ ತೀರ್ಪು ಕೊಡತೊಡಗಿದರು. “ಇದು ಸರ್ಕಸ್ಸಿಂದು.” “ಇದು ಬ್ಯಾಂಡಿನವರದು, ಮದಿವಿಗೆ ಇರಲಿ.” “ಇದು ಕುಕ್ಕರ್ ಸೀಟಿ.” ನಗು ಹೆಚ್ಚಾದಂತೆ ನನಗೂ ಹುರುಪು ಬಂತು. ರೀಡ್ ಆರ್ಗನ್ ಎಂಬುದನ್ನು ಒತ್ತಿದೆ; ಹೆಸರು ಬೇರೆ, ದನಿ ಪೇಟಿಯದೇ. ಯಾರೂ ನಗಲಿಲ್ಲ. ಕಮಲಕ್ಕ ಕಣ್ಣು ತೆರೆಯದೆ, ಯಾರೂ ಹೇಳದೆ, ಹಾಡಲು ಶುರುಮಾಡಿದರು. ಉಳಿದವರು ದನಿಗೂಡಿಸಿದರು. ಹಾಡು ಎಲ್ಲೂ ನಿಲ್ಲದೆ ಕೊನೆ ಮುಟ್ಟಿತು. ಮೈಮೇಲೆ ಮುಳ್ಳೆದ್ದವು ನನಗೆ.

ಮರುದಿನ ಸಭೆ ತುಂಬಿತ್ತು. ಹಾಡು ಮುಗಿದ ಮೇಲೆ ಬಹಳ ಹೊತ್ತು ಚಪ್ಪಾಳೆ ಬಿದ್ದವು. ರಾಣೆಬೆನ್ನೂರಿನಿಂದ ಬಂದಿದ್ದ ಹಿರಿಯ ಅತಿಥಿಯೊಬ್ಬರು, “ಪೇಟಿ ಯಾರ್ರಿ ಬಾರಿಸಿದ್ದು?” ಎಂದರು. “ನಮ್ಮವರೇ ರೀ, ಲ್ಯಾಪ್‌ಟಾಪಿನ್ಯಾಗ,” ಎಂದು ಸುಧಾ ಹೆಮ್ಮೆಯಿಂದ ನನ್ನನ್ನು ಮುಂದೆ ತಳ್ಳಿದಳು. “ಹಂಗಾದ್ರ ಖರೇ ಪೇಟಿ ಇವರಿಗೆ ಎಡಗೈ ಆಟ ಬಿಡ್ರಿ,” ಎಂದ ಆ ಹಿರಿಯರು, ಮಂಡಳಿಯ ಪೇಟಿ ತರಿಸಿ ನನ್ನ ಮುಂದೆಯೇ ಇಡಿಸಿದರು.

ಎಡಗೈಯಲ್ಲಿ ಗಾಳಿ ಹಾಕುತ್ತಾ, ಬಲಗೈಯ ಒಂದೇ ಬೆರಳಲ್ಲಿ ‘ಸ’ ಎಲ್ಲಿದೆಯೆಂದು ಹುಡುಕಿದೆ. ಸಿಕ್ಕಿತು. ‘ರಿ’ಗೆ ಹೊರಟೆ. ಹಿರಿಯರು ಬಹಳ ತಾಳ್ಮೆಯಿಂದ ಕಾದರು. ಆಮೇಲೆ ಸುಧಾಳ ಕಡೆ ಬಾಗಿ, ಮೆಲ್ಲಗೆ ಅಂದರು:

“ಸಾಹೇಬರದು ಚಾರ್ಜ್ ಮುಗದಿರಬೇಕ್ರಿ.”