ಕಾಡ್ಗಿಚ್ಚಿನ ಪಂಪು ಕಬ್ಬಿನ ಹೊಲಕ್ಕೆ ಬಂದದ್ದು

ಬೆಂಕಿಗೆ ಹೆದರುವುದೇಕೆ? ಕಾಡ್ಗಿಚ್ಚು ನಂದಿಸುವ ಹಳೆಯ ಪಂಪೇ ನಮ್ಮ ಮನೆಯಲ್ಲಿರುವಾಗ!

ಅಪ್ಪ ಅದನ್ನು ಅರಣ್ಯದವರ ಹರಾಜಿನಲ್ಲಿ ಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ನಿಪ್ಪಾಣಿಯ ಗುಜರಿಯಲ್ಲಿ ಕೊಂಡದ್ದೆಂದು ಹೆಂಡತಿ ಕಸ್ತೂರಿಯ ವಾದ. ಹಾಗೆಂದು ಅವಳಿಗೆ ನಾನೇ ಹೇಳಿದ್ದೆನಂತೆ! ದೇವರು, ಜಾತಕ, ಟಿ.ವಿ. ಸುದ್ದಿ ಎಲ್ಲವನ್ನೂ ಸಂಶಯಿಸಲು ವಿಶ್ವವಿದ್ಯಾಲಯ ನನಗೆ ಕಲಿಸಿತ್ತು. ಸ್ವಂತ ನೆನಪನ್ನು ಸಂಶಯಿಸುವ ಪಾಠ ಮಾತ್ರ ಐಚ್ಛಿಕವಾಗಿತ್ತು. ನಾನು ತೆಗೆದುಕೊಳ್ಳಲಿಲ್ಲ.

ಅಲಖನೂರಿನ ನಮ್ಮ ಹೊಲದಲ್ಲಿ ಕಬ್ಬು ಕಡಿದಾಗಿತ್ತು. ಉಳಿದ ಒಣಗರಿಗೆ, ಅಂದರೆ ರವದಿಗೆ, ಬೆಂಕಿ ಹಚ್ಚಬೇಕು. ಬದುವಿನಾಚೆ ಕಸ್ತೂರಿಯ ತಮ್ಮ ಬಾಳಾಸಾಬನ ಕಬ್ಬು ಇನ್ನೂ ನಿಂತಿತ್ತು.

"ತಮ್ಮನ ಕಬ್ಬಿಗೆ ಒಂದ್ ಕಿಡಿ ಬಿತ್ತಂದ್ರ ನಾ ತವರಮನಿಗೆ ಯಾವ ಮಾರಿ ಇಟ್ಕೊಂಡ ಹೋಗ್ಲಿ? ಗ್ವಾಣಿಚೀಲ ತೋಯಿಸಿ ಇಡೂಣ್ರಿ," ಎಂದಳು ಕಸ್ತೂರಿ.

ಚೀಲ! ನಾನು ಬದುವಿನ ಮೇಲೆ ನಿಂತು ಇತಿಹಾಸ ಹೇಳಿದೆ. ಮೊದಲು ಕಾಡಿನ ಬೆಂಕಿಯನ್ನು ಹಸಿ ಟೊಂಗೆಯಿಂದ ಬಡಿಯುತ್ತಿದ್ದರು. ಆಮೇಲೆ ಕೈಪಂಪು ಬಂತು. ಬಳಿಕ ದೂರದೇಶದ ಯಾರೋ ಪುಣ್ಯಾತ್ಮರು ಅದಕ್ಕೊಂದು ಪುಟ್ಟ ಎಂಜಿನ್ ಜೋಡಿಸಿ, ಕುದುರೆಯ ಮೇಲೆ, ದೋಣಿಯಲ್ಲಿ, ಕೊನೆಗೆ ಮನುಷ್ಯನ ಬೆನ್ನ ಮೇಲೂ ಸಾಗಿಸಿದರು.

"ದಾಜಿ, ಇತಿಹಾಸ ಭಾಳ ಛಲೋ ಐತಿ," ಎಂದ ಬಾಳಾಸಾಬ; ಅಕ್ಕನ ಗಂಡ ಅವನಿಗೆ ದಾಜಿ. "ನೀರ್ ಹೊಡಿತೈತೋ ಇಲ್ಲೋ?"

ಬೆನ್ನ ಮೇಲೆ ಹೊರಬಹುದೆಂದು ಸಾಬೀತುಪಡಿಸಲು ನಾನೇ ಹೊತ್ತೆ. ಹೊಲದಂಚಿನ ಕಾಲುವೆ ಮುಟ್ಟುವಷ್ಟರಲ್ಲಿ ನಾನೂ ಐತಿಹಾಸಿಕ ವಸ್ತುವಾಗಿದ್ದೆ!

ಪಂಪಿನೊಳಗೆ ಗಾಳಿ ಉಳಿಯಬಾರದೆಂದು ನಮ್ಮ ಕಡೆ ಸೆಗಣಿ ಕಲಸಿದ ನೀರು ತುಂಬುವುದು ವಾಡಿಕೆ. ಬಾಳಾಸಾಬ ಒಂದು ಬಕೆಟ್ ಸುರಿದ. ಇಂಥ ಘನ ಯಂತ್ರಕ್ಕೆ ಅಷ್ಟು ಸಾಲದೆಂದು ನಾನು ಇನ್ನೊಂದು ಸುರಿದೆ.

ಬೆಂಕಿ ಹಚ್ಚಿದೆವು. ಗಾಳಿ ತಿರುಗಿತು. ಜ್ವಾಲೆ ಬದು ಹತ್ತಿತು!

ಹಗ್ಗ ಸುತ್ತಿ ಎಳೆದೆ. ಪಂಪು ಸೀನಿತು. ಮತ್ತೆ ಎಳೆದೆ. ಸೀನಲೂ ಇಲ್ಲ.

"ಪೆಟ್ರೋಲ್ ಚಾವಿ ತಗದೀರೇನ್ರಿ?" ಕಸ್ತೂರಿ ಕೂಗಿದಳು.

"ತಗದದ್ದು ನನಗ ಸ್ವಚ್ಛ ನೆನಪೈತಿ!"

ಅವಳು ವಾದಕ್ಕೆ ನಿಲ್ಲಲಿಲ್ಲ. ಸೆರಗು ಸಿಕ್ಕಿಸಿ ಓಡಿದಳು. ನನ್ನ ಉಪನ್ಯಾಸದ ನಡುವೆಯೇ ಅವಳು ಚೀಲಗಳನ್ನು ತೋಯಿಸಿ ಇಟ್ಟಿದ್ದಳು! ಅಕ್ಕ, ತಮ್ಮ ಸೇರಿ ಬೆಂಕಿಯನ್ನು ಬಡಿದು ಬಡಿದು ಮಲಗಿಸಿದರು. ಅಂಚಿನ ನಾಲ್ಕು ಗರಿ ಸುಟ್ಟವು, ಕಬ್ಬು ಉಳಿಯಿತು. ತವರುಮನೆಯೂ ಉಳಿಯಿತು.

ಇಬ್ಬರೂ ನೀರು ಕುಡಿಯುವಾಗ ನಾನು ಚಾವಿ ನೋಡಿದೆ. ಮುಚ್ಚಿತ್ತು. ಸದ್ದಿಲ್ಲದೆ ತೆರೆದೆ. ಕೇವಲ ಸಂಶಯ ನಿವಾರಣೆಗಾಗಿ ಒಮ್ಮೆ ಎಳೆದೆ.

ಪಂಪು ಗರ್ಜಿಸಿತು! ಪೈಪು ಹೆಡೆಯೆತ್ತಿ, ಸೆಗಣಿ ನೀರನ್ನೆಲ್ಲ ಬಾಳಾಸಾಬನ ಮುಖಕ್ಕೆ ಉಗುಳಿತು. ಹಿಂದಿರುಗುವಾಗ ನನ್ನನ್ನೂ ಮರೆಯಲಿಲ್ಲ.

"ದಾಜಿ," ಬಾಳಾಸಾಬ ಕಷ್ಟಪಟ್ಟು ಕಣ್ಣು ತೆರೆದ. "ಪಂಪ ಏನೋ ಛಲೋ ಐತಿ ಬಿಡ್ರಿ. ಸ್ವಲ್ಪ ತಡೀಪಾ ಅಂತ ಬೆಂಕಿಗೆ ಹೇಳಬೇಕಿತ್ತು!"

ಈಗ ಯಾರದೇ ರವದಿ ಸುಡುವಾಗಲೂ ನನ್ನನ್ನು ಕರೆಯುತ್ತಾರೆ. ಉಪನ್ಯಾಸಕ್ಕಲ್ಲ. ಕಸ್ತೂರಿ ನನ್ನ ಕೈಗೊಂದು ಚೀಲ ಕೊಟ್ಟು, ಇತಿಹಾಸದ ಮೊದಲ ಅಧ್ಯಾಯದಲ್ಲಿ ನಿಲ್ಲಿಸುತ್ತಾಳೆ.

"ತೋಯಿಸೀರೇನ್ರಿ?" ಎನ್ನುತ್ತಾಳೆ.

ತೋಯಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಆದರೂ ಒಮ್ಮೆ ಹಿಂಡಿ ನೋಡುತ್ತೇನೆ.